ಬೀಗರಿಲ್ಲದ ಮಂದೆ

ವೇದಾವತಿಯ ದಂಡೆಯಲ್ಲಿ ಓಬಳಜ್ಜನ ಆಶ್ರಮ. ಮೂರು ಗುಡಿಸಲು, ಎಂಬತ್ತು ದನ. ಹಾಲಿನ ದನಗಳಲ್ಲ, ನೊಗ ಎಳೆಯುವ ತಳಿ.

ಅಜ್ಜನ ಕಣ್ಣು ಮಂಜಾದ ಮೇಲೆ ಮಂದೆ ಶಿಷ್ಯ ಜಂಪಣ್ಣನ ಕೈಗೆ ಬಂತು. ಜೊತೆಗೆ ಒಂದು ಕಟ್ಟಳೆಯೂ ಬಂತು. ಹೋರಿಯ ಹೆಣ್ಣುಕರುಗಳು ಬೆಳೆದು ಬೆದೆಗೆ ಬಂದ ವರ್ಷವೇ ಆ ಹೋರಿಯನ್ನು ಹೊಳೆಯಾಚೆಯ ಮಂದೆಗೆ ಕೊಟ್ಟು, ಅಲ್ಲಿಯದನ್ನು ತರಬೇಕು.

ಜಂಪಣ್ಣ ಕೊಡಲಿಲ್ಲ.

ಕೊಡುವುದಾದರೂ ಹೇಗೆ? ಬೆಳ್ಳಿಕೊಂಬ ತಾಯಿ ಸತ್ತ ಕರು. ಜಂಪಣ್ಣನೇ ಹಾಲಿನಲ್ಲಿ ಅದ್ದಿದ ಬೆರಳು ಚೀಪಿಸಿ ಬದುಕಿಸಿದ್ದ. ಈಗ ಆಳೆತ್ತರದ ಹೋರಿ, ಬೆಳ್ಳನೆ ಮೈ, ಈಟಿಯಂಥ ಕೊಂಬು. ಅದಕ್ಕೆ ಸಾಟಿಯಿಲ್ಲವೆಂದು ಉಳಿದ ಹೋರಿಗಳ ಬೀಜ ಒಡೆಸಿ ನೇಗಿಲಿಗೆ ಕಳಿಸಿಬಿಟ್ಟಿದ್ದ.

"ಹೋರಿ ದಾಟಿಸಿದೆಯೇನೋ?" ಎಂದು ಅಜ್ಜ ವರ್ಷಕ್ಕೊಮ್ಮೆ ಕೇಳುತ್ತಿದ್ದ.

"ಮುಂದಿನ ವರ್ಷ, ಅಜ್ಜ."

ಐದು ವರ್ಷ ಹೀಗೇ ಹೋಯಿತು.

ಆರನೆಯ ವರ್ಷ ಹನ್ನೊಂದು ಕರು ಸತ್ತವು. ಕೆಲವಕ್ಕೆ ಏಳಲು ತ್ರಾಣವಿಲ್ಲ, ಕೆಲವಕ್ಕೆ ಕೆಚ್ಚಲು ಹಿಡಿಯಲೂ ತ್ರಾಣವಿಲ್ಲ. ಎಳೆಯ ಹಸುಗಳು ಗಬ್ಬ ನಿಲ್ಲದೆ ಮತ್ತೆ ಮತ್ತೆ ಬೆದೆಗೆ ಬಂದು ಕೂಗುತ್ತಿದ್ದವು. ಇನ್ನೆರಡು ವರ್ಷ ಹೀಗಾದರೆ ಮಂದೆಯೇ ಇಲ್ಲ.

ಹಾಗೇ ಏಳಲಾರದೆ ಬಿದ್ದಿದ್ದ ಹನ್ನೆರಡನೆಯ ಕರುವನ್ನು ಜಂಪಣ್ಣ ಎದೆಗೆ ಅವಚಿಕೊಂಡು ಅಜ್ಜನ ಬಳಿ ತಂದ.

"ಮೇವಿನಲ್ಲೇ ಏನೋ ದೋಷ, ಅಜ್ಜ."

ಅಜ್ಜ ಕರುವಿನ ಮೈ ಸವರಿದ. "ಇದರ ಅಪ್ಪ ಯಾರು?"

"ಬೆಳ್ಳಿಕೊಂಬ."

"ಅವ್ವನ ಅಪ್ಪ?"

"ಬೆಳ್ಳಿಕೊಂಬ."

"ಅಜ್ಜಿಯ ಅಪ್ಪ?"

ಜಂಪಣ್ಣನ ದನಿ ಇಳಿಯಿತು. "ಬೆಳ್ಳಿಕೊಂಬ."

ಅಜ್ಜ ನಕ್ಕುಬಿಟ್ಟ. "ಲೋ ಪೆದ್ದ, ಬೀಗರನ್ನೇ ಕರೆಯದೆ ಮದುವೆ ಮಾಡಿದೆಯಲ್ಲೋ! ಗಂಡಿನ ಕಡೆಯೂ ಅವನೇ, ಹೆಣ್ಣಿನ ಕಡೆಯೂ ಅವನೇ. ಜಗಳ ತೆಗೆಯೋಕಾದರೂ ಹೊರಗಿನವನೊಬ್ಬ ಬೇಡವೇನೋ?"

"ಶುದ್ಧ ರಕ್ತ, ಅಜ್ಜ. ಆಚೆಯವು ಕುಳ್ಳು, ಕರಿ. ಕಲಬೆರಕೆ ಆಗುತ್ತೆ."

ಅಜ್ಜನ ನಗು ನಿಂತಿತು. "ಆ ನಿನ್ನ ಶುದ್ಧವೇ ಹನ್ನೊಂದು ಕರು ತಿಂದಿದ್ದು. ಗೊರವಿ ಎಲ್ಲಿ?"

ಗೊರವಿ ಹಿಂದೊಮ್ಮೆ ಹೊಳೆಯಾಚೆಯಿಂದ ಬಂದ ಮುದಿ ಹಸು. ಮಾಸಲು ಬಣ್ಣ, ಮುರಿದ ಕೊಂಬು. ಜಂಪಣ್ಣ ಅದನ್ನು ಎಂದೂ ಲೆಕ್ಕಕ್ಕೆ ಹಿಡಿದವನಲ್ಲ.

"ಈದಿದೆ, ಅಜ್ಜ. ವರ್ಷ ತಪ್ಪಿಸೋದಿಲ್ಲ ಅದು."

"ಕರು?"

"ಹುಟ್ಟಿದ ಗಳಿಗೆಯಲ್ಲೇ ಎದ್ದು ನನ್ನನ್ನೇ ಒದೀತು."

"ಅದರ ಅಪ್ಪ?"

"ಅದೂ ಬೆಳ್ಳಿಕೊಂಬನೇ."

"ನೋಡಿದೆಯಾ? ನಿನ್ನ ಹೋರಿ ಕೆಟ್ಟದ್ದಲ್ಲ, ಮಗಾ. ಅದನ್ನು ಒಂಟಿ ಮಾಡಿದವನು ನೀನು."

ಮರುದಿನ ಜಂಪಣ್ಣ ಬೆಳ್ಳಿಕೊಂಬನ ಮೈ ತೊಳೆದ. ಹಗ್ಗ ಹಾಕಲಿಲ್ಲ. ಅವನು ಮುಂದೆ ನಡೆದರೆ ಅದು ಹಿಂದೆ ಬಂತು, ಮೊಣಕಾಲುದ್ದದ ನೀರು ದಾಟಿ.

ಆಚೆಯ ಮಂದೆಯ ಬೋರಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಈಗ ದಾರಿ ಗೊತ್ತಾಯ್ತೇನಪ್ಪಾ? ಹೋರಿಗೂ ವಯಸ್ಸಾಯ್ತು, ನಿನಗೂ ವಯಸ್ಸಾಯ್ತು."

ಅವಳು ಕೊಟ್ಟ ಹೋರಿ ಕರಿಯದು, ಗಿಡ್ಡ, ಒಂದು ಕಿವಿ ಹರಿದಿತ್ತು. ಜಂಪಣ್ಣ ಮುಖ ಕಿವುಚಿದ.

"ಯಾಕೋ? ನಿನ್ನ ಹಾಗೇ ಇದೆಯಲ್ಲ. ಇದೇ ದಂಡೆಯಲ್ಲಿ ಹುಟ್ಟಿದವನು ನೀನು. ನೀನು ಆಶ್ರಮಕ್ಕೆ ಹೋದ ದಿನ ಅಲ್ಲಿದ್ದವರೆಲ್ಲ ಕಲಬೆರಕೆ ಅಂತ ಬಾಗಿಲಲ್ಲೇ ತಡೆದಿದ್ರು. ಅಜ್ಜ ನೀರು ಕೊಟ್ಟು ಒಳಗೆ ಕರೆದ. ಮರೆತೆಯಾ?"

ಜಂಪಣ್ಣ ಕರಿ ಹೋರಿಯ ಹಗ್ಗ ಹಿಡಿದು ಹೊರಟ.

ಆಶ್ರಮದ ಬಾಗಿಲಿಗೆ ಬಂದಾಗ ಹೊಳೆಯಾಚೆಯಿಂದ ಬೆಳ್ಳಿಕೊಂಬ ಕೂಗಿತು. ಜಂಪಣ್ಣ ಅಲ್ಲೇ ಕೂತುಬಿಟ್ಟ. ಕರಿ ಹೋರಿ ಮುಚ್ಚಿದ ಬಾಗಿಲ ಮುಂದೆ ಏದುಸಿರು ಬಿಡುತ್ತ ನಿಂತಿತ್ತು.

ಅಜ್ಜ ಕೋಲೂರಿಕೊಂಡು ಬಂದು ಬಾಗಿಲು ತೆರೆದ. "ತಂದೆಯೇನೋ?"

"ತಂದಿದ್ದೀನಿ, ಅಜ್ಜ. ಆದರೆ ಇದನ್ನು ಒಳಗೆ ಬಿಡೋಕೆ ಮನಸ್ಸು ಬರ್ತಿಲ್ಲ."

ಅಜ್ಜ ಒಂದು ಕೈಯಲ್ಲಿ ಹೋರಿಯ ಹಣೆ ತಡವಿದ. ಇನ್ನೊಂದು ಕೈ ಜಂಪಣ್ಣನ ತಲೆಯ ಮೇಲಿತ್ತು.

"ಹೋಗು, ಒಂದು ಬಿಂದಿಗೆ ನೀರು ತಾ. ಹೊಳೆಯನ್ನೇ ದಾಟಿ ಬಂದರೂ ಈ ಬಾಗಿಲಲ್ಲಿ ನಿಂತವನ ಗಂಟಲು ಎಷ್ಟು ಒಣಗಿರುತ್ತೆ ಅಂತ ನಿನಗೆ ಗೊತ್ತಲ್ಲೋ."