ಗಾಳದ ಕೋಲಿನ ತುದಿಯಲ್ಲಿ ಏರೋಪ್ಲೇನ್ ಚಿಟ್ಟೆ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಹೊಳೆಗಳಿಗೆ ಆಗಷ್ಟೇ ಮಾತು ಬಂದಿತ್ತು. ಮನುಷ್ಯರಿಗೆ ಕೇಳಿಸಿಕೊಳ್ಳೋ ಬುದ್ಧಿ ಬಂದಿರಲಿಲ್ಲ. ಈಗೇನು ಬಂದಿದೆ ಬಿಡಿ!

ಬೆಟ್ಟದ ಹಳ್ಳದ ಹುಡುಗಿ ಹೊನ್ನಕ್ಕ ಮದುವೆಯಾಗಿ ಕೆಳಗಿನ ದೊಡ್ಡ ಹೊಳೆಯ ದಂಡೆಗೆ ಬಂದಿದ್ದಳು. ಗಾಳಕ್ಕೆ ಪುಕ್ಕ ಸುತ್ತಿ ಹುಳದ ಹಾಗೆ ಕಟ್ಟೋದನ್ನು ಅವಳಿಗೆ ಅವ್ವ ಕಲಿಸಿದ್ದಳು. ಹುಂಜದ ಕತ್ತಿನ ಕೆಂಪು ಪುಕ್ಕ, ಕೆಂಪು ದಾರ, ಏಳು ಸುತ್ತು. ಆ ಅವ್ವ ತೀರಿಕೊಂಡು ವರ್ಷವಾಗಿತ್ತು.

ಹೊನ್ನಕ್ಕನ ಮಗಳು ಸೋಮಿಗೆ ಜ್ವರವೇನೋ ಬಿಟ್ಟಿತ್ತು, ಬಾಯಿರುಚಿ ಕೆಟ್ಟಿತ್ತು. ಗಂಜಿ ಕೊಟ್ಟರೆ ಮುಖ ತಿರುಗಿಸೋಳು. "ಮೀನು ಸಾರು" ಅನ್ನೋದೊಂದೇ ಮಾತು. ಮೂರು ದಿನದಿಂದ ಮಗು ಏನೂ ತಿಂದಿರಲಿಲ್ಲ.

ಹೊನ್ನಕ್ಕ ಕೆಂಪು ಹುಳ ಕಟ್ಟಿ ಎಸೆದಳು. ಮೀನು ಬಂತು, ನೋಡಿತು, ಹೋಯಿತು. ಮತ್ತೆ ಎಸೆದಳು. ಮತ್ತೆ ಬಂತು, ನೋಡಿತು, ಹೋಯಿತು.

"ಮಗಳೇ, ನಿಮ್ಮ ಹಳ್ಳದ ಹುಳ ಕೆಂಪು. ನನ್ನಲ್ಲಿ ಅಂಥದ್ದಿಲ್ಲ ಕಣೇ" ಅಂದಿತು ಹೊಳೆ.

"ಹಾಗಾದ್ರೆ ನಮ್ಮವ್ವ ತಪ್ಪು ಕಲಿಸಿದಳಾ?" ಅಂತ ರೇಗಿದ ಹೊನ್ನಕ್ಕ ಇನ್ನೊಂದು ಕೆಂಪು ಹುಳವನ್ನೇ ಕಟ್ಟಿದಳು.

ಇದನ್ನೆಲ್ಲ ಏರೋಪ್ಲೇನ್ ಚಿಟ್ಟೆ ನೋಡ್ತಾ ಇತ್ತು. ಆಗ ಏರೋಪ್ಲೇನ್ ಎಲ್ಲಿತ್ತು ಅಂತ ಕೇಳಬೇಡಿ, ನನಗೆ ತಲೆನೋವು! ಚಿಟ್ಟೆಗೆ ತಡೆಯಲಾಗಲಿಲ್ಲ. ಹಾರಿ ಬಂದು ಗಾಳದ ಕೋಲಿನ ತುದಿಗೆ ಕೂತಿತು.

"ಅಯ್ಯೋ ತಾಯಿ, ಇಲ್ಲಿನ ಮೀನು ಹಗಲೆಲ್ಲ ನನ್ನ ಬೆನ್ನು ಹತ್ತುತ್ತೆ. ನನ್ನನ್ನ ನೋಡಿ ಕಟ್ಟು!"

"ಹುಶ್!" ಅಂತ ಓಡಿಸಿದಳು. ಮತ್ತೆ ಬಂದು ಕೂತಿತು. "ಹುಶ್!" ಮತ್ತೆ ಕೂತಿತು.

"ಕಣ್ಣಿದೆಯಾ ಇಲ್ವಾ ನಿನಗೆ? ನಿಮ್ಮವ್ವ ತನ್ನ ಹಳ್ಳ ನೋಡಿ ಕಟ್ಟಿದಳು. ನೀನು ನಿನ್ನ ಹೊಳೆ ನೋಡಬಾರದಾ?"

ಹೊನ್ನಕ್ಕನ ಕೈ ನಿಂತಿತು. ಅವ್ವ ನೆನಪಾಗಿ ಅಳು ಬಂತು. ಅಳುತ್ತಲೇ ಚಿಟ್ಟೆಯನ್ನು ಚೆನ್ನಾಗಿ ನೋಡಿದಳು. ಮೈ ನೀಲಿ, ರೆಕ್ಕೆ ತೆಳು ಬೂದು. ಸೆರಗಿನಿಂದ ಒಂದು ನೀಲಿ ಎಳೆ ಕಿತ್ತಳು, ದಡದಲ್ಲಿ ಬಿದ್ದಿದ್ದ ಕೊಕ್ಕರೆಯ ಬೂದು ಪುಕ್ಕ ಎತ್ತಿಕೊಂಡಳು. ಸುತ್ತು ಮಾತ್ರ ಏಳೇ, ಗಂಟೂ ಅವ್ವನದೇ.

ಎಸೆದಳು. ಮೀನು ಬಂತು, ನೋಡಲೇ ಇಲ್ಲ, ಗಬಕ್ಕನೆ ನುಂಗಿತು!

ಸೋಮಿ ಎರಡು ಬಟ್ಟಲು ಸಾರು ಕುಡಿದು ಮೂರನೆಯದಕ್ಕೆ ಕೈ ಚಾಚಿದಳು. ಹೊನ್ನಕ್ಕನಿಗೆ ಹೋದ ಜೀವ ಬಂದ ಹಾಗಾಯಿತು.

ಮಾರನೇ ದಿನ ಏನು ಮಾಡಿದಳು ಗೊತ್ತಾ? ಮತ್ತೆ ಕೆಂಪು ಪುಕ್ಕ ತಗೊಂಡಳು! ಚಿಟ್ಟೆ ಹಣೆ ಹಣೆ ಚಚ್ಚಿಕೊಂಡು ಮತ್ತೆ ಕೋಲಿಗೆ ಬಂತು.

ಅದಕ್ಕೇ ಇವತ್ತಿಗೂ ನೀವು ಗಾಳ ಹಾಕಿ ಕೂತರೆ ಏರೋಪ್ಲೇನ್ ಚಿಟ್ಟೆ ಕೋಲಿನ ತುದಿಗೇ ಬಂದು ಕೂರುತ್ತೆ. ಓಡಿಸಿದರೂ ಒಂದು ಸುತ್ತು ಹೊಡೆದು ಮತ್ತೆ ಅಲ್ಲೇ ಕೂತು, ಇವರಾದರೂ ನೋಡ್ತಾರಾ ಅಂತ ಅಷ್ಟು ದೊಡ್ಡ ಕಣ್ಣು ಬಿಟ್ಟುಕೊಂಡು ಕಾಯುತ್ತೆ.