ತಾಯಿಯವರು ಮೀಯದ ದಿನ

ಬೆಣಚಿನಮಟ್ಟಿಯ ಆಶ್ರಮದಲ್ಲಿ ಪೂಜ್ಯ ಗುರುಸಿದ್ಧಮ್ಮತಾಯಿಯವರು ಪ್ರತಿ ಹುಣ್ಣಿಮೆಯ ಹಿಂದಿನ ದಿನ ಮುಂಡನ ಮಾಡಿಸಿಕೊಳ್ಳುತ್ತಿದ್ದರು. ಹಿತ್ತಿಲಲ್ಲಿ, ಬಚ್ಚಲ ಗೋಡೆಯ ಪಕ್ಕ, ಹಳೆಯ ಗೋಣಿಚೀಲದ ಮೇಲೆ ಕುಳಿತುಬಿಡುವರು. ಕ್ಷೌರಿಕ ಸಂಗಣ್ಣ ಮೂವತ್ತು ವರ್ಷಗಳ ಕಾಲ ಹಿತ್ತಿಲ ಬಾಗಿಲಿಂದ ಬಂದು, ತಲೆ ಬೋಳಿಸಿ, ಹಿತ್ತಿಲ ಬಾಗಿಲಿಂದಲೇ ಹೋದವನು. ಅವನು ಮುಟ್ಟಿದ ಮೇಲೆ ತಾಯಿಯವರು ಮಿಂದೇ ಒಳಗೆ ಹೋಗಬೇಕೆಂಬುದು ಅಲ್ಲಿಯ ಕಟ್ಟಳೆ. ಮುಂದಿನ ಸಭಾಮಂಟಪದಲ್ಲಿ ಎಲ್ಲರೂ ಒಂದೇ ಎಂಬ ಪ್ರವಚನ ನಡೆಯುತ್ತಿತ್ತು, ಹಿತ್ತಿಲಲ್ಲಿ ಇದು.

ಆ ಸಲ ಸಂಗಣ್ಣನ ಕೈ ನಡುಗುತ್ತಿದ್ದುದರಿಂದ ಮಗಳು ಶಿವಲೀಲಾ ಬಂದಳು. ಅವಳಿಗೆ ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿತ್ತು. ಚಿಕ್ಕವಳಿದ್ದಾಗ ಅಪ್ಪ ಮಡಕೆಗೆ ಸಾಬೂನು ನೊರೆ ಬಳಿದು, ಕೆರೆತದ ಸದ್ದು ಬಾರದಂತೆ ಕತ್ತಿ ಎಳೆಯಲು ಕಲಿಸಿದ್ದ. ಹುಬ್ಬಳ್ಳಿಯ ಪಾರ್ಲರಿನಲ್ಲಿ ಎರಡು ವರ್ಷ ಬರೀ ಕೂದಲು ಗುಡಿಸಿ, ಮೂರನೆಯ ವರ್ಷ ಕತ್ತರಿ ಹಿಡಿದು, ಈಗ ಪೇಟೆಯಲ್ಲಿ ಸ್ವಂತ ಅಂಗಡಿ ಇಟ್ಟಿದ್ದಳು. ಮದುವೆ ಬಂತೆಂದರೆ ಮೇಡಂ, ಮೇಡಂ ಎಂದು ಹಿಂದೆ ಬೀಳುವ ಇದೇ ಆಶ್ರಮದ ಜನ ಇಲ್ಲಿ ಅವಳ ಅಪ್ಪನನ್ನು ಕಂಡರೆ ಪಕ್ಕಕ್ಕೆ ಸರಿಯುತ್ತಿದ್ದರು. ಇದೇ ಕಡೆಯ ಸಲ, ಅಪ್ಪನ ಕತ್ತಿಯನ್ನು ಬಾವಿಗೆ ಎಸೆದೇ ಮನೆಗೆ ಹೋಗುವುದೆಂದು ಹಟ ತೊಟ್ಟು ಬಂದಿದ್ದಳು. ತಾಯಿಯವರಿಗೆ ಕೈ ಕೂಡ ಮುಗಿಯಲಿಲ್ಲ.

ಸಿಟ್ಟಿನ ಭರದಲ್ಲಿ ಕೂದಲು ನೆನೆಸದೆಯೇ ಕತ್ತಿ ಇಟ್ಟಳು. ಮಡಕೆಯ ಮೇಲೆ ಕಲಿತವರು ಮಾಡಬಾರದ ತಪ್ಪು. ತಾಯಿಯವರ ನೆತ್ತಿಯಿಂದ ರಕ್ತ ಜಿನುಗಿತು.

ಅವರು ಅಲುಗಲಿಲ್ಲ. "ಸಿಟ್ಟು ನನ್ನ ಮ್ಯಾಲಿರಲಿ ಮಗಳ, ಕೆಲಸದ ಮ್ಯಾಲ ಬ್ಯಾಡ. ಮೊದಲು ತೊಯಿಸು" ಎಂದರು.

ಅಪ್ಪನೂ ಇದನ್ನೇ ಹೇಳುತ್ತಿದ್ದ. ಶಿವಲೀಲಾಗೆ ಕಪಾಳಕ್ಕೆ ಹೊಡೆದಂತಾಯಿತು. ಗಾಯ ಒತ್ತಿ ಹಿಡಿದು, ರಕ್ತ ನಿಂತ ಮೇಲೆ ಕೂದಲು ಚೆನ್ನಾಗಿ ನೆನೆಸಿ, ಇಡೀ ತಲೆಯನ್ನು ನುಣ್ಣಗೆ ಮುಗಿಸಿದಳು. ಸಿಟ್ಟು ಮಾತ್ರ ಇಳಿಯಲಿಲ್ಲ.

ಅಷ್ಟರಲ್ಲಿ ಆಶ್ರಮದ ಸೇವಕ ಚನ್ನವೀರಯ್ಯ ಕಾಯ್ದ ನೀರಿನ ಕೊಡ ತಂದಿಟ್ಟ. "ಏ ಹುಡುಗಿ, ಆ ಕಡೆ ಸರಿ. ತಾಯಾರು ಜಳಕ ಮಾಡಬೇಕು."

ಶಿವಲೀಲಾ ಸರಿಯಲಿಲ್ಲ. ತಾಯಿಯವರನ್ನೇ ನೋಡಿ ಕೇಳಿದಳು: "ನಮ್ಮಪ್ಪ ಮೂವತ್ತು ವರ್ಷ ಈ ತಲಿ ಹಿಡದಾನ್ರೀ. ಪ್ರತಿ ಸಲ ಜಳಕ ಮಾಡೀರಿ. ಅಂವನ ಕೈಯಾಗ ಏನು ಹೊಲಸಿತ್ರೀ?"

ಚನ್ನವೀರಯ್ಯ ಕೈ ಎತ್ತಿದ. ತಾಯಿಯವರು ಕಣ್ಣಲ್ಲೇ ಅವನನ್ನು ತಡೆದು, ಶಿವಲೀಲಾಳ ಕಡೆ ತಿರುಗಿದರು.

"ಅಂವನ ಕೈಯಾಗ ಏನೂ ಇರಲಿಲ್ಲ. ಕಟ್ಟಳಿ ಅಂತ ಕಣ್ಣು ಮುಚ್ಚಿ ಕುಂತಾಕಿ ನಾನು. ಆ ಕೊಡ ತಗೋ, ನಡಿ."

ಹೆಗಲ ಮೇಲೆ ಬಿದ್ದ ಕೂದಲನ್ನೂ ಕೊಡವದೆ ತಾಯಿಯವರು ಎದ್ದರು. ಭಜನೆಗೆ ಕುಳಿತಿದ್ದ ಭಕ್ತರ ನಡುವೆಯೇ ಹಾದು, ಶಿವಲೀಲಾಳನ್ನು ಕರೆದುಕೊಂಡು ತಲೆಬಾಗಿಲಿಂದ ಹೊರಬಿದ್ದು, ನೇರ ಸಂಗಣ್ಣನ ಮನೆಗೆ ನಡೆದರು. ಅವನು ಗಾಬರಿಯಿಂದ ಗೋಡೆಗೆ ಅಂಟಿ ನಿಂತ. ತಾಯಿಯವರು ಆ ನಡುಗುವ ಕೈಗಳನ್ನು ಹಿಡಿದೆಳೆದು, ಆ ಮನೆಯವರ ಸ್ಪರ್ಶವನ್ನು ತೊಳೆಯಲೆಂದು ಕಾಯಿಸಿದ್ದ ನೀರನ್ನು ಅವೇ ಕೈಗಳ ಮೇಲೆ ಎರೆದು, ತಮ್ಮ ಸೆರಗಿನಿಂದ ಒರೆಸಿದರು.

ಶಿವಲೀಲಾ ಆಗ ಬಾಗಿದಳು. ತಾಯಿಯವರ ಪಾದಗಳು ಅವಳ ಕಣ್ಣೀರಿನಿಂದ ಒದ್ದೆಯಾದವು.

ಕತ್ತಿ ಬಾವಿಗೆ ಬೀಳಲಿಲ್ಲ. ತಾಯಿಯವರು ಲಿಂಗೈಕ್ಯರಾಗುವವರೆಗೂ ಶಿವಲೀಲಾ ಅದನ್ನೇ ಹಿಡಿದು ತಲೆಬಾಗಿಲಿಂದ ಬಂದಳು. ತನ್ನ ಅಂಗಡಿಯಲ್ಲಿ ಕೆಲಸ ಕಲಿಯುವ ಹುಡುಗಿಯರಿಗೆಲ್ಲ ಮೊದಲು ತೊಯಿಸುವುದನ್ನೇ ಕಲಿಸಿದಳು. ಚನ್ನವೀರಯ್ಯನನ್ನು ಕಂಡಾಗ ಅವಳಿಗೆ ಸಿಟ್ಟು ಬರುವುದು ಮಾತ್ರ ನಿಲ್ಲಲಿಲ್ಲ. ಅದನ್ನು ಬಿಡೆಂದು ತಾಯಿಯವರೂ ಹೇಳಲಿಲ್ಲ.