ಹುಟ್ಟಿಗೆ ಒಂದು, ಸಾವಿಗೆ ಎರಡು

ಕೊಡಗಿನ ಬಿದ್ದಪ್ಪನವರ ಗೋಡೆಯ ಮೇಲೆ ಎರಡು ಕೋವಿಗಳಿದ್ದವು. ಎರಡೂ ಮರುಗುಂಡನ್ನು ತಾವೇ ತುಂಬಿಕೊಳ್ಳುವಂಥವು.

“ಅಣ್ಣಾ, ಆ ಮರದ ಹಿಡಿಯನ್ನು ಹೇಗೆ ಹೊರುತ್ತೀಯೋ! ನನ್ನದು ಪ್ಲಾಸ್ಟಿಕ್ಕು, ಹೂವಿನಷ್ಟು ಹಗುರ,” ಎಂದಿತು ಹೊಸದು.

“ತೂಕವಿದ್ದರೆ ಗುಂಡು ಹಾರುವಾಗ ಒದೆತ ಕಡಿಮೆ ತಮ್ಮಾ,” ಎಂದಿತು ಹಳೆಯದು.

ಅಷ್ಟರಲ್ಲಿ ಒಳಗೆ ಮೊಮ್ಮಗ ಹುಟ್ಟಿದ. ಆ ನಾಡಿನಲ್ಲಿ ಊರಿಗೆ ಸುದ್ದಿ ಮುಟ್ಟಿಸಲು ಹುಟ್ಟಿಗೆ ಒಂದು ಗುಂಡು ಹಾರಿಸುತ್ತಾರೆ, ಸಾವಿಗೆ ಎರಡು. ಬಿದ್ದಪ್ಪನವರು ಹಗುರವಾದದ್ದನ್ನೇ ಅಂಗಳಕ್ಕೆ ಒಯ್ದು ಆಕಾಶಕ್ಕೆ ಹಾರಿಸಿದರು. ಕೋವಿ ಒದ್ದು ಕುಣಿಯಿತು. ಬೆರಳು ಮತ್ತೆ ತಗುಲಿ ಎರಡನೆಯ ಗುಂಡೂ ಹಾರಿತು.

“ನನ್ನ ಚುರುಕು ನೋಡಿದೆಯಾ?” ಗೋಡೆಗೆ ಮರಳಿದ ಹೊಸದು ಬೀಗಿತು.

ಮಗುವನ್ನು ನೋಡಲು ಬರಬೇಕಿದ್ದ ಊರು ಬಿಳಿಯುಟ್ಟು ಅಳುತ್ತಾ ಬಾಗಿಲಿಗೆ ಬಂತು.

“ನೋಡಿದೆ,” ಎಂದಿತು ಹಳೆಯದು. “ಸತ್ತದ್ದು ಯಾರೆಂದು ಈಗ ನೀನೇ ಹೇಳು ತಮ್ಮಾ.”